ದಂಡಿನ ಮೈದಾನದಿಂದ ಗ್ಲಾಸ್ಗೋವರೆಗೆ

೨೦೧೯ರ ಸೆಪ್ಟೆಂಬರ್ ತಿಂಗಳಲ್ಲಿ ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿಗೂ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ರೇಂಜರ್ಸ್ ಕ್ಲಬ್ಬಿಗೂ ಎರಡು ವರ್ಷದ ಕರಾರೊಂದು ಆಯಿತು. ಅಲ್ಲಿಯ ತರಬೇತುದಾರರು ಇಲ್ಲಿಗೆ ಬಂದು ಕಿರಿಯರಿಗೆ ಪಾಠ ಹೇಳುವುದು, ಇಲ್ಲಿಯ ತರಬೇತುದಾರರು ಅಲ್ಲಿಯ ಕ್ರಮವನ್ನು ಕಲಿಯುವುದು, ಯೋಗ್ಯರಾದ ಆಟಗಾರರಿಗೆ ಅಲ್ಲಿ ಪರೀಕ್ಷೆಗೆ ಅವಕಾಶ ದೊರಕಿಸುವುದು, ಇವು ಆ ಕರಾರಿನ ಮುಖ್ಯ ಆಶಯಗಳಾಗಿದ್ದುವು. ಹೊರನಾಡು ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ಕಳಸದಾಚೆಯ ಅನ್ನಪೂರ್ಣೇಶ್ವರಿಯ ಸನ್ನಿಧಿ. ಇಲ್ಲಿ ಹೇಳಹೊರಟಿರುವುದು ಸಮುದ್ರದಾಚೆಯ ಹೊರನಾಡಿನ ಮಾತು. ಆದರೂ ಈ ಮಾತು ನಮ್ಮ ಗುಡ್ಡಗಳಿಗೆ ಸಂಬಂಧಪಡದ್ದೇನೂ ಅಲ್ಲ. ನನ್ನ ತರಗತಿಯ ಹುಡುಗರಲ್ಲಿ ಕೆಲವರು ಗ್ಲಾಸ್ಗೋ ಎಲ್ಲಿದೆಯೆಂದು ಭೂಪಟದಲ್ಲಿ ಬೆರಳಿಟ್ಟು ತೋರಿಸಬಲ್ಲರು. ಅದು ಭೂಗೋಳದ ಮೇಷ್ಟರ ಪ್ರತಾಪವಲ್ಲ, ಚೆಂಡಿನ ಮಹಿಮೆ.

ಪರದೇಶದ ಕ್ಲಬ್ಬೊಂದರೊಡನೆ ಕೈಕೂಡಿಸಿ ನಮ್ಮ ಎಳೆಯರನ್ನು ಬೆಳೆಸುವುದು ಹೊಸ ಕಾಲದ ಹೊಸ ಯೋಚನೆಯೆಂದು ಅನೇಕರು ಭಾವಿಸಿದ್ದಾರೆ. ಕರಾರಿನ ಕಾಗದ ಹೊಸದಿರಬಹುದು. ಆದರೆ ಕನ್ನಡನಾಡಿನ ಕಾಲ್ಚೆಂಡಾಟಕ್ಕೂ ಸ್ಕಾಟರಿಗೂ ಇರುವ ನಂಟು ಹಳೆಯದು. ಹಿಂದೆ ನಮ್ಮವರು ಪರಕೀಯರಿಂದ ಹೇಗೆ ಕಲಿತರು, ಈಗ ಹೇಗೆ ಕಲಿಯುತ್ತಿದ್ದಾರೆ ಎಂಬುದನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ಈ ಕರಾರುಗಳ ಬೆಲೆಯೂ ಅವುಗಳ ಕೊರತೆಯೂ ಸ್ವಲ್ಪ ಸ್ಪಷ್ಟವಾದೀತು.

ಮೊದಲು ಸ್ಕಾಟರ ವಿಷಯ. ಜಗತ್ತಿನ ಮೊಟ್ಟಮೊದಲ ಅಂತರರಾಷ್ಟ್ರೀಯ ಕಾಲ್ಚೆಂಡಾಟದ ಪಂದ್ಯ ೧೮೭೨ರ ನವೆಂಬರ್ ೩೦ರಂದು ಗ್ಲಾಸ್ಗೋದಲ್ಲಿ ಸ್ಕಾಟ್ಲೆಂಡಿಗೂ ಇಂಗ್ಲೆಂಡಿಗೂ ನಡೆಯಿತು. ಎರಡು ಕಡೆಗೂ ಗೋಲು ಬೀಳಲಿಲ್ಲ. ಅಂದು ಆಡಿದ ಸ್ಕಾಟರೆಲ್ಲರೂ ಕ್ವೀನ್ಸ್ ಪಾರ್ಕ್ ಎಂಬ ಒಂದೇ ಕ್ಲಬ್ಬಿನವರು. ಆ ಕಾಲದ ಆಂಗ್ಲರ ಪದ್ಧತಿಯೆಂದರೆ ಚೆಂಡು ಸಿಕ್ಕವನು ತಲೆತಗ್ಗಿಸಿ ಎದುರಾಳಿಗಳ ನಡುವೆ ನುಗ್ಗುವುದು, ಉಳಿದವರು ಅವನ ಬೆನ್ನುಹತ್ತಿ ಓಡುವುದು. ಸ್ಕಾಟರು ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಮುಂದುವರಿಯುವ ಕಲೆಯನ್ನು ರೂಢಿಸಿಕೊಂಡರು. ಇಂದು ನಾವು ಕಾಣುವ ಆಟದ ಮೂಲ ಈ ಕೂಡಿ ಆಡುವ ಪದ್ಧತಿಯಲ್ಲಿದೆ. ರೇಂಜರ್ಸ್ ಕ್ಲಬ್ಬು ಹುಟ್ಟಿದುದೂ ಅದೇ ೧೮೭೨ರಲ್ಲಿಯೇ.

ಆ ಆಟ ಭಾರತಕ್ಕೆ ಬಂದುದು ಪಲ್ಟನ್ನುಗಳ ಬೆನ್ನ ಮೇಲೆ. ೧೮೮೮ರಲ್ಲಿ ಸಿಮ್ಲಾದಲ್ಲಿ ಡ್ಯುರಾಂಡ್ ಕಪ್ ಪ್ರಾರಂಭವಾದಾಗ ಮೊದಲ ವಿಜಯ ರಾಯಲ್ ಸ್ಕಾಟ್ಸ್ ಫ್ಯೂಸಿಲಿಯರ್ಸ್ ಎಂಬ ಸ್ಕಾಟರ ದಳಕ್ಕೆ ದೊರಕಿತು. ೧೮೯೧ರಲ್ಲಿ ಮುಂಬಯಿಯಲ್ಲಿ ರೋವರ್ಸ್ ಕಪ್ ಮೊದಲಾಯಿತು. ನಮ್ಮಲ್ಲಿ ಈ ಆಟದ ತವರು ೧೮೦೯ರಲ್ಲಿ ನೆಲೆಗೊಂಡ ಬೆಂಗಳೂರಿನ ದಂಡು. ಶ್ರೀರಂಗಪಟ್ಟಣದ ಹವೆ ಒಗ್ಗದೆ ಬೆಂಗಳೂರಿಗೆ ಬಂದ ಬ್ರಿಟಿಷ್ ಸೈನ್ಯ ತನ್ನೊಡನೆ ಕವಾಯತಿನ ಮೈದಾನಗಳನ್ನು ತಂದಿತು. ಮುಂದೆ ಆ ಮೈದಾನಗಳೇ ಸಂಜೆಯ ಹೊತ್ತು ಆಟದ ಅಂಗಳಗಳಾದುವು. ಸೈನಿಕರು ಬೂಟು ಹಾಕಿ ಆಡುತ್ತಿದ್ದರು. ದಂಡಿನ ಬೀದಿಗಳ ಹುಡುಗರು, ಬಟ್ಲರರ ಮಕ್ಕಳು, ಗಿರಣಿ ಕೆಲಸದವರು, ಕಸಾಯಿಯವರು, ಅಂಗಡಿಯವರು ಗೆರೆಯಾಚೆ ನಿಂತು ನೋಡಿದರು. ನೋಡಿದುದನ್ನು ಬರಿಗಾಲಿನಲ್ಲಿ ಆಡಿ ಕಲಿತರು. ದ್ರೋಣನು ಒಲ್ಲೆನೆಂದರೂ ಏಕಲವ್ಯನ ವಿದ್ಯೆ ನಿಲ್ಲಲಿಲ್ಲವಷ್ಟೆ. ಇಲ್ಲಿ ಹೆಬ್ಬೆರಳನ್ನು ಕೇಳುವವರು ಯಾರೂ ಇರಲಿಲ್ಲ. ಕೇಳಿದ್ದರೆ ಅದು ಕಾಲಿನದಾಗಬೇಕಿತ್ತು.

ಈ ಕಲಿಕೆಯ ಫಲ ೧೯೩೭ರಲ್ಲಿ ಕಾಣಿಸಿತು. ಅದುವರೆಗೆ ರೋವರ್ಸ್ ಕಪ್ಪನ್ನು ಭಾರತೀಯರ ತಂಡ ಯಾವುದೂ ಗೆದ್ದಿರಲಿಲ್ಲ. ೧೯೧೧ರಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ದಳವನ್ನು ಸೋಲಿಸಿ ಐ.ಎಫ್.ಎ. ಷೀಲ್ಡ್ ಗೆದ್ದ ಸಂಗತಿಯನ್ನು ಎಲ್ಲರೂ ಬಲ್ಲರು. ಶಾಲೆಯ ಪಾಠಗಳಲ್ಲಿಯೂ ಅದು ಬರುವುದುಂಟು. ಆದರೆ ರೋವರ್ಸ್ ಕಪ್ಪನ್ನು ಮೊದಲು ಗೆದ್ದ ಭಾರತೀಯರು ಬೆಂಗಳೂರು ಮುಸ್ಲಿಮ್ಸ್ ತಂಡದವರು ಎಂಬುದನ್ನು ನಮ್ಮಲ್ಲಿಯೇ ಬಲ್ಲವರು ವಿರಳ. ಮರುವರ್ಷ, ೧೯೩೮ರಲ್ಲಿ, ಅವರೇ ಮತ್ತೆ ಅಂತಿಮ ಪಂದ್ಯಕ್ಕೆ ಬಂದರು. ಎದುರಿಗೆ ನಿಂತವರು ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್ ಎಂಬ ಸ್ಕಾಟರ ದಳ. ಗೆದ್ದವರು ಬೆಂಗಳೂರಿನವರು. ಯಾರ ಆಟವನ್ನು ಗೆರೆಯಾಚೆ ನಿಂತು ಕಲಿತರೋ ಅವರನ್ನೇ ಗೆರೆಯೊಳಗೆ ನಿಂತು ಸೋಲಿಸಿದರು. ಗ್ಲಾಸ್ಗೋದ ಕರಾರಿಗೆ ರುಜು ಬೀಳುವುದಕ್ಕೆ ಎಂಬತ್ತೊಂದು ವರ್ಷ ಮೊದಲೇ ನಡೆದ ಈ ಪಂದ್ಯವನ್ನು ಕರಾರಿನ ದಿನ ಯಾರಾದರೂ ನೆನೆದಿದ್ದರೆ ಚೆನ್ನಾಗಿರುತ್ತಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಬೆಂಗಳೂರಿನ ಬರಿಗಾಲು ಒಲಿಂಪಿಕ್ಸಿಗೂ ಹೋಯಿತು. ೧೯೪೮ರ ಜುಲೈ ೩೧ರಂದು ಲಂಡನ್ನಿನ ಬಳಿಯ ಇಲ್‌ಫರ್ಡಿನಲ್ಲಿ ಭಾರತವು ಫ್ರಾನ್ಸಿನೊಡನೆ ಆಡಿತು. ನಮ್ಮವರಲ್ಲಿ ಹೆಚ್ಚಿನವರಿಗೆ ಬೂಟಿಲ್ಲ. ಎರಡು ಪೆನಾಲ್ಟಿಗಳು ವ್ಯರ್ಥವಾದುವು. ೨–೧ರಿಂದ ಫ್ರಾನ್ಸ್ ಗೆದ್ದಿತು. ಭಾರತದ ಆ ಒಂದು ಗೋಲನ್ನು ಹೊಡೆದವರು ಮೈಸೂರು ಪ್ರಾಂತದ ಸಾರಂಗಪಾಣಿ ರಾಮನ್. ನಾಲ್ಕು ವರ್ಷಗಳ ಮೇಲೆ, ೧೯೫೨ರಲ್ಲಿ, ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು ೧೦–೧ರಿಂದ ಬಗ್ಗುಬಡಿಯಿತು. ಅಲ್ಲಿಯೂ ನಮ್ಮ ಒಂದೇ ಗೋಲು ಬೆಂಗಳೂರಿನವರದು. ಹೊಡೆದವರು ಅಹಮದ್ ಖಾನ್. ಆ ಸೋಲಿನ ಅನಂತರ ಬೂಟು ಕಡ್ಡಾಯವಾಯಿತು. ಪರಕೀಯರಿಂದ ನಾವು ಕಲಿತ ಎರಡನೆಯ ದೊಡ್ಡ ಪಾಠ ಇದು. ಅದಕ್ಕೆ ತೆತ್ತ ಬೆಲೆ ಹತ್ತು ಗೋಲು.

ಅಹಮದ್ ಖಾನರ ವಿಷಯದಲ್ಲಿ ಇನ್ನೊಂದು ಮಾತು. ಅವರು ಹೆಸರು ಗಳಿಸಿದ್ದು ಬೆಂಗಳೂರಿನಲ್ಲಿದ್ದುಕೊಂಡಲ್ಲ, ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ. ಅಪ್ಪಾ ರಾವ್, ವೆಂಕಟೇಶ್, ಧನರಾಜ್, ಅಹಮದ್ ಖಾನ್, ಸಾಲೇ ಎಂಬ ಐವರನ್ನು ಬಂಗಾಳಿಗಳು ಪಂಚಪಾಂಡವರೆಂದು ಕರೆದರು. ಈ ಐವರಲ್ಲಿ ವೆಂಕಟೇಶ್, ಧನರಾಜ್, ಅಹಮದ್ ಖಾನ್ ಮೂವರೂ ಬೆಂಗಳೂರಿನ ನೀರು ಕುಡಿದವರು. ಪಾಂಡವರಿಗೆ ವನವಾಸವೆಂಬುದು ತಪ್ಪಿದ್ದಲ್ಲವಷ್ಟೆ! ಬೆಂಗಳೂರಿನಲ್ಲಿ ಹುಟ್ಟಿ ಹೊರಗೆ ಬೆಳಗುವ ಈ ಪದ್ಧತಿ ಅವರಿಗೇ ಮುಗಿಯಲಿಲ್ಲ.

ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ೧೯೪೬–೪೭ರಲ್ಲಿಯೂ ೧೯೫೨–೫೩ರಲ್ಲಿಯೂ ಗೆದ್ದಿತ್ತು. ೧೯೬೭–೬೮, ೧೯೬೮–೬೯ ಎರಡು ವರ್ಷ ಒಂದರ ಮೇಲೊಂದು ಗೆದ್ದಿತು. ಆ ಕಾಲದ ಆಟಗಾರರಿಗೆ ಅನ್ನ ಕೊಟ್ಟವು ಕಾರ್ಖಾನೆಗಳು. ಟೆಲಿಫೋನ್ ಕಾರ್ಖಾನೆ, ವಿಮಾನ ಕಾರ್ಖಾನೆ ಮೊದಲಾದ ಸಂಸ್ಥೆಗಳು ಚೆನ್ನಾಗಿ ಆಡುವವನಿಗೆ ಒಂದು ಕೆಲಸವನ್ನು ಕೊಟ್ಟು ತಮ್ಮ ತಂಡಕ್ಕೆ ಸೇರಿಸಿಕೊಳ್ಳುತ್ತಿದ್ದುವು. ಇದರಿಂದ ಎಷ್ಟೋ ಸಂಸಾರಗಳು ನೆಲೆನಿಂತುವು. ಆದರೆ ಕಾರ್ಖಾನೆ ಬಯಸುತ್ತಿದ್ದುದು ಆಗಲೇ ಪಳಗಿದ ಇಪ್ಪತ್ತರ ಯುವಕನನ್ನು. ಹತ್ತು ವರ್ಷದ ಹುಡುಗನಿಗೆ ಚೆಂಡನ್ನು ಹೇಗೆ ನಿಲ್ಲಿಸಬೇಕು, ನಿಲ್ಲಿಸುವ ಮುಂಚೆ ಕಣ್ಣು ಎಲ್ಲಿರಬೇಕು ಎಂದು ಕಲಿಸುವ ಶಾಲೆ ನಾಡಿನಲ್ಲಿ ಇರಲಿಲ್ಲ. ಬೀದಿ ಕಲಿಸಿದಷ್ಟೇ ವಿದ್ಯೆ. ಬೀದಿಗಳಲ್ಲಿ ಮೋಟಾರು ಹೆಚ್ಚಿದಂತೆ, ಖಾಲಿ ನಿವೇಶನಗಳಲ್ಲಿ ಮನೆಗಳೆದ್ದಂತೆ ಆ ಶಾಲೆಯೂ ಮುಚ್ಚಿತು. ೧೯೬೯ರ ಅನಂತರ ಮತ್ತೆ ಸಂತೋಷ್ ಟ್ರೋಫಿ ಕರ್ನಾಟಕಕ್ಕೆ ಬಂದುದು ೨೦೨೩ರ ಮಾರ್ಚ್ ೪ರಂದು, ಮೇಘಾಲಯವನ್ನು ೩–೨ರಿಂದ ಸೋಲಿಸಿದಾಗ. ಐವತ್ತನಾಲ್ಕು ವರ್ಷ! ಆ ಅಂತಿಮ ಪಂದ್ಯ ನಡೆದುದು ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ಎಂಬುದು ಇನ್ನೊಂದು ವಿಚಿತ್ರ.

ಈ ನಡುವಿನ ಬರಗಾಲದಲ್ಲಿಯೂ ಪ್ರತಿಭೆಗೆ ಕೊರತೆಯಿರಲಿಲ್ಲ. ಕಾರ್ಲ್‌ಟನ್ ಚಾಪ್‌ಮನ್ ಬೆಂಗಳೂರಿನವರು. ಅವರು ಪಳಗಿದುದು ೧೯೮೭ರಲ್ಲಿ ಜಮ್‌ಶೆಡ್‌ಪುರದಲ್ಲಿ ಪ್ರಾರಂಭವಾದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ. ೧೯೯೩ರಲ್ಲಿ ಈಸ್ಟ್ ಬೆಂಗಾಲ್ ಪರವಾಗಿ ಇರಾಕಿನ ಅಲ್ ಜಾವ್ರಾ ತಂಡದ ಮೇಲೆ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದರು. ಮುಂದೆ ಭಾರತದ ನಾಯಕರಾದರು. ೨೦೨೦ರ ಅಕ್ಟೋಬರಿನಲ್ಲಿ ಇನ್ನೂ ಐವತ್ತು ತುಂಬುವ ಮೊದಲೇ ತೀರಿಕೊಂಡರು. ಸಂಜೀವ್ ಸ್ಟಾಲಿನ್ ಕೂಡ ಬೆಂಗಳೂರಿನ ಹುಡುಗ. ೨೦೧೭ರ ಅಕ್ಟೋಬರ್ ೯ರಂದು ದೆಹಲಿಯಲ್ಲಿ, ಹದಿನೇಳು ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ, ಕೊಲಂಬಿಯದ ಮೇಲೆ ಭಾರತ ಒಂದು ಗೋಲು ಹೊಡೆಯಿತಲ್ಲವೆ? ವಿಶ್ವಕಪ್ಪಿನಲ್ಲಿ ಭಾರತದ ಮೊದಲ ಗೋಲು ಅದು. ಜೀಕ್ಸನ್ ಸಿಂಗ್ ತಲೆಯಿಂದ ಹೊಡೆದ ಆ ಚೆಂಡು ಬಂದುದು ಸ್ಟಾಲಿನ್ ಮೂಲೆಯಿಂದ ಒದ್ದ ಒದೆತದಿಂದ. ಆ ಒದೆತವನ್ನು ಅವರು ಹದಗೊಳಿಸಿಕೊಂಡದ್ದು ಚಂಡೀಗಢದಲ್ಲಿ. ೧೯೪೦ರ ದಶಕದಲ್ಲಿ ಕಲ್ಕತ್ತೆ, ೧೯೯೦ರ ದಶಕದಲ್ಲಿ ಜಮ್‌ಶೆಡ್‌ಪುರ, ೨೦೧೦ರ ದಶಕದಲ್ಲಿ ಚಂಡೀಗಢ: ಊರಿನ ಹೆಸರು ಬದಲಾಯಿತೇ ವಿನಾ ಹುಡುಗ ಮನೆ ಬಿಟ್ಟು ಹೋಗುವುದು ತಪ್ಪಲಿಲ್ಲ.

ಈ ಹಿನ್ನೆಲೆಯಲ್ಲಿ ೨೦೧೩ರ ಜುಲೈ ತಿಂಗಳಲ್ಲಿ ಜೆ.ಎಸ್.ಡಬ್ಲ್ಯು. ಸಂಸ್ಥೆಯವರು ಬೆಂಗಳೂರು ಫುಟ್‌ಬಾಲ್ ಕ್ಲಬ್ಬನ್ನು ಹುಟ್ಟಿಹಾಕಿದರು. ಮೊದಲ ತರಬೇತುದಾರ ಆಷ್ಲಿ ವೆಸ್ಟ್‌ವುಡ್ ಎಂಬ ಆಂಗ್ಲ. ನಾಯಕ ಸುನಿಲ್ ಛೇತ್ರಿ. ಮೊದಲ ವರ್ಷವೇ ಐ-ಲೀಗ್ ಗೆದ್ದರು. ೨೦೧೬ರಲ್ಲಿ ಸ್ಪೇನಿನ ಆಲ್ಬರ್ಟ್ ರೋಕಾ ಅವರ ಕೈಕೆಳಗೆ ಕಂಠೀರವ ಕ್ರೀಡಾಂಗಣದಲ್ಲಿ ಮಲೇಷಿಯದ ಜೊಹೊರ್ ತಂಡವನ್ನು ಸೋಲಿಸಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯಕ್ಕೆ ಹೋದರು. ದೋಹಾದಲ್ಲಿ ಇರಾಕಿನವರೆದುರು ಒಂದು ಗೋಲಿನಿಂದ ಸೋತರೂ, ಭಾರತದ ಬೇರಾವ ಕ್ಲಬ್ಬೂ ಅದುವರೆಗೆ ಅಷ್ಟು ದೂರ ಹೋಗಿರಲಿಲ್ಲ. ೨೦೧೯ರ ಮಾರ್ಚ್ ತಿಂಗಳಲ್ಲಿ ಇಂಡಿಯನ್ ಸೂಪರ್ ಲೀಗ್ ಕೂಡ ಕೈಸೇರಿತು. ಅದೇ ವರ್ಷ ರೇಂಜರ್ಸಿನ ಕರಾರು.

ಕರಾರಿನ ಫಲವೇನು? ಎಲ್ಲರ ಕಣ್ಣಿಗೂ ಬಿದ್ದ ಫಲ ಒಂದು. ಮಣಿಪುರದ ಎನ್‌ಗಾಂಗೊಮ್ ಬಾಲಾ ದೇವಿ ೨೦೨೦ರ ಜನವರಿಯಲ್ಲಿ ರೇಂಜರ್ಸಿನ ಮಹಿಳಾ ತಂಡವನ್ನು ಸೇರಿದರು. ಯೂರೋಪಿನ ಕ್ಲಬ್ಬೊಂದಕ್ಕೆ ವೃತ್ತಿನಿರತಳಾಗಿ ಸೇರಿದ ಮೊದಲ ಭಾರತೀಯ ಮಹಿಳೆ ಅವರು. ಅವರ ಪರೀಕ್ಷೆಗೆ ಹಾದಿಮಾಡಿಕೊಟ್ಟದ್ದು ಬೆಂಗಳೂರು ಕ್ಲಬ್ಬಿನ ನಂಟು. ಅದೇ ಡಿಸೆಂಬರಿನಲ್ಲಿ ಮದರ್‌ವೆಲ್ ತಂಡದ ಮೇಲೆ ಗೋಲನ್ನೂ ಹೊಡೆದರು. ಹೆಣ್ಣುಮಕ್ಕಳ ಆಟಕ್ಕೆ ಇದರಿಂದ ಬಂದ ಕಳೆಯನ್ನು ಕಡಮೆಯೆನ್ನಲಾಗದು. ಆದರೆ ಒಂದು ಅಂಶವನ್ನು ಮರೆಯಬಾರದು: ಗ್ಲಾಸ್ಗೋಗೆ ಹೋದಾಗ ಬಾಲಾ ದೇವಿಗೆ ಇಪ್ಪತ್ತೊಂಬತ್ತು ವರ್ಷ. ಭಾರತದ ನಾಯಕಿಯಾಗಿ ಆಗಲೇ ಹೆಸರಾದವರು. ಅವರನ್ನು ಬೆಳೆಸಿದ್ದು ಮಣಿಪುರದ ಮೈದಾನಗಳು. ಎಳೆಯರ ಏಳ್ಗೆಗೆಂದು ಆದ ಕರಾರಿನ ಅತಿ ಪ್ರಸಿದ್ಧ ಫಲ ಪೂರ್ಣವಾಗಿ ಬೆಳೆದ ಒಬ್ಬ ಆಟಗಾರ್ತಿ ಎಂಬುದು ಯೋಚಿಸತಕ್ಕ ವಿಷಯ.

ಎಳೆಯರ ಪಾಲಿಗೆ ಏನಾಯಿತು? ೨೦೨೦ರ ಮಾರ್ಚಿನಲ್ಲಿ ಕೊರೋನಾ ಬಂದು ಮೈದಾನಗಳ ಬಾಗಿಲು ಹಾಕಿತು. ಎರಡು ವರ್ಷದ ಕರಾರಿನಲ್ಲಿ ದೊಡ್ಡ ಭಾಗ ಹೀಗೆ ಹೋಯಿತು. ಇದಕ್ಕೆ ಯಾರನ್ನೂ ದೂರುವಂತಿಲ್ಲ. ಆದರೆ ಎರಡೇ ವರ್ಷವೆಂದರೆ ಹೀಗೆಯೇ. ಒಂದು ಮಳೆ ಹೆಚ್ಚಾದರೆ ಬೆಳೆ ಹೋಗುತ್ತದೆ. ನನಗೆ ಕಂಡಂತೆ ಹೆಚ್ಚು ಫಲ ಕೊಟ್ಟದ್ದು ಕಡಮೆ ಸದ್ದು ಮಾಡಿದ ಇನ್ನೊಂದು ಕೆಲಸ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ ವಿಜಯನಗರದಲ್ಲಿ ೨೦೧೮ರಲ್ಲಿ ಅದೇ ಸಂಸ್ಥೆಯವರು ಒಂದು ದೊಡ್ಡ ಕ್ರೀಡಾಶಾಲೆಯನ್ನು ತೆರೆದರು. ಬೆಂಗಳೂರು ಕ್ಲಬ್ಬಿನ ಹುಡುಗರಿಗೆ ಅಲ್ಲಿ ಊಟ, ವಸತಿ, ಓದು, ಆಟ ಎಲ್ಲವೂ ಒಂದೆಡೆ ಏರ್ಪಾಡಾಯಿತು. ೨೦೨೨ರಲ್ಲಿ ಯುವ ತಂಡಗಳಿಗಾಗಿ ಮೊದಲ ಬಾರಿ ನಡೆದ ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗನ್ನು ಬೆಂಗಳೂರಿನ ಕಿರಿಯರು ಗೆದ್ದರು. ಅದರ ಬಹುಮಾನವಾಗಿ ಜುಲೈ ತಿಂಗಳಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿಯ ಪ್ರೀಮಿಯರ್ ಲೀಗಿನ ಕ್ಲಬ್ಬುಗಳ ಯುವ ತಂಡಗಳೆದುರು ಆಡಿ ಬಂದರು. ಮನೆಯ ಶಾಲೆ ಮೊದಲು, ಪರದೇಶದ ಪ್ರವಾಸ ಆಮೇಲೆ ಎಂಬ ಈ ಕ್ರಮ ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ.

ಇತರ ಕರಾರುಗಳ ಕಥೆಯನ್ನೂ ಒಂದಿಷ್ಟು ನೋಡಬೇಕು. ೨೦೧೪ರಲ್ಲಿ ಸ್ಪೇನಿನ ಅತ್ಲೆತಿಕೊ ಮಾದ್ರಿದ್ ಕ್ಲಬ್ಬು ಕಲ್ಕತ್ತೆಯ ಹೊಸ ತಂಡದಲ್ಲಿ ಪಾಲುದಾರನಾಗಿ, ತನ್ನ ಹೆಸರನ್ನೂ ಕೆಂಪು-ಬಿಳಿ ಪಟ್ಟೆಯನ್ನೂ ಕೊಟ್ಟಿತು. ಮೂರು ವರ್ಷದಲ್ಲಿ ತಂಡ ಎರಡು ಸಲ ಗೆದ್ದಿತು. ೨೦೧೭ರಲ್ಲಿ ಪಾಲುದಾರಿಕೆ ಮುರಿಯಿತು, ಹೆಸರು ಬದಲಾಯಿತು. ೨೦೨೦ರಲ್ಲಿ ಗೋವಾ ತಂಡ ಜರ್ಮನಿಯ ಲೈಪ್‌ಜಿಗ್ ಕ್ಲಬ್ಬಿನೊಡನೆ, ಹೈದರಾಬಾದ್ ತಂಡ ಡಾರ್ಟ್‌ಮುಂಡಿನೊಡನೆ ಕೈಕೂಡಿಸಿದುವು. ಹೈದರಾಬಾದಿನವರು ಮುಂದೆ ಹಣದ ಮುಗ್ಗಟ್ಟಿಗೆ ಸಿಕ್ಕಿ, ೨೦೨೫ರಲ್ಲಿ ತಂಡವೇ ಊರು ಬಿಟ್ಟು ಹೊಸ ಹೆಸರಿನಿಂದ ದೆಹಲಿಗೆ ಹೋಯಿತು. ಬೆಂಗಳೂರಿನ ಇನ್ನೊಂದು ಕ್ಲಬ್ಬಾದ ಎಫ್.ಸಿ. ಬೆಂಗಳೂರು ಯುನೈಟೆಡ್ ೨೦೨೧ರಲ್ಲಿ ಸ್ಪೇನಿನ ಸೆವಿಯ್ಯಾ ಕ್ಲಬ್ಬಿನ ಸ್ನೇಹ ಬೆಳೆಸಿತು.

ಯೂರೋಪಿನ ಕ್ಲಬ್ಬುಗಳು ಏಕೆ ಬರುತ್ತವೆ? ಧರ್ಮಕ್ಕಾಗಿ ಬರುತ್ತವೆಂದು ಯಾರೂ ಹೇಳುವುದಿಲ್ಲ, ಅವರೂ ಹೇಳುವುದಿಲ್ಲ. ನೂರಾರು ಕೋಟಿ ಜನರಿರುವ ದೇಶದಲ್ಲಿ ತಮ್ಮ ಅಂಗಿ ಮಾರಬೇಕು, ತಮ್ಮ ಪಂದ್ಯವನ್ನು ಜನ ನೋಡಬೇಕು, ಎಲ್ಲಾದರೂ ಒಬ್ಬ ಜಾಣ ಹುಡುಗ ಸಿಕ್ಕರೆ ಅವನ ಹೆಸರು ತಮ್ಮ ಪಟ್ಟಿಯಲ್ಲಿರಬೇಕು. ಇದರಲ್ಲಿ ತಪ್ಪೇನೂ ಇಲ್ಲ, ವ್ಯಾಪಾರ. ನಮ್ಮವರು ವ್ಯಾಪಾರಿಯಂತೆಯೇ ಕೇಳಬೇಕಾದ ಪ್ರಶ್ನೆಗಳನ್ನು ಕೇಳಿದರೆ ಸಾಕು. ಇನ್ನೊಂದು ನಿಯಮವನ್ನು ತಂದೆತಾಯಿಗಳು ತಿಳಿದಿರುವುದು ಒಳ್ಳೆಯದು. ಹದಿನೆಂಟು ತುಂಬದ ಆಟಗಾರನನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ವರ್ಗ ಮಾಡುವುದನ್ನು ಫೀಫಾ ಸಂಸ್ಥೆ, ಕೆಲವು ವಿನಾಯಿತಿಗಳ ಹೊರತು, ನಿಷೇಧಿಸಿದೆ. ಮಕ್ಕಳನ್ನು ಕೊಳ್ಳುವ ದಂಧೆಯನ್ನು ತಡೆಯುವುದು ಇದರ ಉದ್ದೇಶ. ಆದುದರಿಂದ ಹದಿನಾಲ್ಕು ವರ್ಷದ ಹುಡುಗನನ್ನು ಯೂರೋಪಿನ ಕ್ಲಬ್ಬಿಗೆ ಸೇರಿಸಿಕೊಡುತ್ತೇನೆಂದು ಹಣ ಕೇಳುವವನು ಬಂದರೆ ಬಾಗಿಲಿನಲ್ಲಿಯೇ ನಿಲ್ಲಿಸಬಹುದು. ಯಾವ ಕರಾರೇ ಆಗಲಿ, ಹುಡುಗ ಕಲಿಯುವ ವರ್ಷಗಳೆಲ್ಲ ಕಳೆಯುವುದು ಇಲ್ಲಿಯೇ, ನಮ್ಮ ನೆಲದಲ್ಲಿ, ನಮ್ಮ ತರಬೇತುದಾರನ ಕೈಯಲ್ಲಿ.

ಅದೇ ಸಂಸ್ಥೆಯ ಇನ್ನೊಂದು ನಿಯಮ ಸಣ್ಣ ಊರುಗಳಿಗೆ ಲಾಭದ್ದು. ಕರಾರಿನ ಅವಧಿಯಲ್ಲಿರುವ ಆಟಗಾರನೊಬ್ಬ ಹಣದ ಮೇಲೆ ಪರದೇಶದ ಕ್ಲಬ್ಬಿಗೆ ವರ್ಗವಾದರೆ, ಆ ಹಣದಲ್ಲಿ ಶೇಕಡಾ ೫ರಷ್ಟು, ಹನ್ನೆರಡರಿಂದ ಇಪ್ಪತ್ತಮೂರರವರೆಗಿನ ವಯಸ್ಸಿನಲ್ಲಿ ಅವನನ್ನು ಪಳಗಿಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು. ಆದರೆ ಪಳಗಿಸಿದ್ದು ತಾವೇ ಎಂದು ತೋರಿಸಲು ಕ್ಲಬ್ಬು ನೋಂದಣಿಯಾಗಿರಬೇಕು, ಹುಡುಗನ ಹೆಸರು ಅಲ್ಲಿ ದಾಖಲಾಗಿರಬೇಕು. ಮೂಡಿಗೆರೆಯ ಒಂದು ಗೆಳೆಯರ ಬಳಗ ಹತ್ತು ವರ್ಷ ಹುಡುಗನೊಬ್ಬನನ್ನು ಆಡಿಸಿ ಬೆಳೆಸಿದರೂ, ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಕೈಗೆ ಕಾಸು ಬರುವುದಿಲ್ಲ. ನಮ್ಮವರಿಗೆ ಲೆಕ್ಕ ಬರೆಯುವುದೆಂದರೆ ಮೊದಲಿನಿಂದಲೂ ಬೇಸರ.

ಹೊರಗಿನದನ್ನು ತಂದು ನಮ್ಮದನ್ನಾಗಿ ಮಾಡಿಕೊಳ್ಳುವ ವಿದ್ಯೆಯನ್ನು ನಮ್ಮ ಜಿಲ್ಲೆಗೆ ಯಾರೂ ಕಲಿಸಬೇಕಾಗಿಲ್ಲ. ಬಾಬಾ ಬುಡನ್ ಏಳು ಬೀಜಗಳನ್ನು ತಂದು ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಇಲ್ಲಿಯ ಮಕ್ಕಳೆಲ್ಲ ಬಲ್ಲರು. ಆ ಬೀಜ ತಂದ ದಿನಕ್ಕೇ ಕಾಫಿ ನಮ್ಮದಾಗಲಿಲ್ಲ. ಎಲೆತುಕ್ಕು ಬಂದಿತು, ಕಾಂಡಕೊರಕ ಬಂದಿತು. ಹಳೆಯ ಚಿಕ್ ತಳಿ ಅಳಿಯಿತು. ಕೆಂಟ್ ಎಂಬ ತೋಟಗಾರನು ರೋಗ ತಡೆದುಕೊಂಡ ಗಿಡವೊಂದನ್ನು ಗುರುತಿಸಿ ಬೆಳೆಸಿದನು. ೧೯೨೫ರಲ್ಲಿ ಬಾಳೆಹೊನ್ನೂರಿನಲ್ಲಿ ಸಂಶೋಧನಾ ಕೇಂದ್ರ ಬಂದಿತು. ಅಲ್ಲಿಯವರು ಸಸಿಯಿಂದ ಸಸಿಗೆ, ಬೆಳೆಯಿಂದ ಬೆಳೆಗೆ ಕಾದು, ಆ ಕೆಂಟ್ ತಳಿಯನ್ನು ಇನ್ನೊಂದರೊಡನೆ ಬೆರೆಸಿ, ೧೯೪೦ರ ದಶಕದಲ್ಲಿ ಎಸ್. ೭೯೫ ಎಂಬ ತಳಿಯನ್ನು ಬೆಳೆಗಾರರ ಕೈಗಿತ್ತರು. ಎರಡು ದಶಕದ ಕೆಲಸ. ಎರಡು ವರ್ಷಕ್ಕೆ ಕೇಂದ್ರವನ್ನು ಮುಚ್ಚಿದ್ದರೆ ಬೆಳೆಗಾರನ ಕೈಗೆ ಏನು ಸಿಗುತ್ತಿತ್ತು? ಗಿಡ ನೆಟ್ಟರೆ ಮೊದಲ ಹಣ್ಣು ಕಾಣುವುದಕ್ಕೇ ಮೂರುನಾಲ್ಕು ವರ್ಷ ಬೇಕು. ಹತ್ತು ವರ್ಷದ ಹುಡುಗ ದೊಡ್ಡವರ ತಂಡಕ್ಕೆ ಬರಲು ಎಂಟುಹತ್ತು ವರ್ಷ ಬೇಕು. ಆ ಅವಧಿಯಲ್ಲಿ ಎರಡು ವರ್ಷದ ಕರಾರುಗಳು ನಾಲ್ಕೈದು ಬಂದುಹೋಗಬಹುದು. ಒಂದೊಂದು ಕರಾರಿನವರೂ ಒಂದೊಂದು ಪದ್ಧತಿಯನ್ನು ಹೇಳಿ ಹೋದರೆ ಹುಡುಗನ ಕಾಲು ಯಾರ ಮಾತನ್ನು ಕೇಳಬೇಕು?

ಈಗ ನಮ್ಮ ಗುಡ್ಡಗಳಿಗೆ ಬರೋಣ. ಮೂಡಿಗೆರೆಯಿಂದ ಬೆಂಗಳೂರಿಗೆ ಸುಮಾರು ೨೫೦ ಕಿಲೋಮೀಟರ್. ಕಳಸದಿಂದ ಮುನ್ನೂರಕ್ಕೂ ಮೀರುತ್ತದೆ. ಬೆಳಗ್ಗೆ ಬೆಂಗಳ‌ೂರಿನಲ್ಲಿ ಆಯ್ಕೆಯೆಂದರೆ ಹಿಂದಿನ ರಾತ್ರಿಯ ಬಸ್ಸು ಹತ್ತಬೇಕು. ಹುಡುಗನೊಡನೆ ಒಬ್ಬರು ದೊಡ್ಡವರು ಹೋಗಬೇಕು. ತೋಟದ ಕೆಲಸದವರಾದರೆ ಎರಡು ದಿನದ ಕೂಲಿ ಹೋಯಿತು. ನಿದ್ದೆಗೆಟ್ಟ ಕಾಲಿನಲ್ಲಿ ಹುಡುಗ ಇಪ್ಪತ್ತು ನಿಮಿಷ ಆಡುತ್ತಾನೆ. ಆ ಇಪ್ಪತ್ತು ನಿಮಿಷದಲ್ಲಿ ಅವನ ಯೋಗ್ಯತೆ ನಿರ್ಧಾರವಾಗುತ್ತದೆ. ಶಾಲೆಯ ಹಾದಿಯೂ ಇದೆ. ೧೯೬೦ರಲ್ಲಿ ಮೊದಲಾದ ಸುಬ್ರೊತೊ ಕಪ್ಪಿಗೆ ಶಾಲಾ ತಂಡಗಳು ಜಿಲ್ಲೆ, ರಾಜ್ಯ ಎಂದು ಮೆಟ್ಟಿಲೇರಿ ಹೋಗಬಹುದು. ಆದರೆ ನಮ್ಮ ಹೋಬಳಿ, ತಾಲ್ಲೂಕು ಕ್ರೀಡಾಕೂಟಗಳು ಬೀಳುವುದು ಮಳೆ ಇನ್ನೂ ಬಿಡದ ದಿನಗಳಲ್ಲಿ. ಚೆಂಡು ಕೆಸರಿನಲ್ಲಿ ಕೂತರೆ ಏಳುವುದಿಲ್ಲ. ದಾಟಿಸುವ ಆಟಕ್ಕೆ ಅಲ್ಲಿ ಅರ್ಥವಿಲ್ಲ. ಬಲವಾಗಿ ಒದ್ದವನೇ ಗೆದ್ದ. ಸ್ಕಾಟರು ೧೮೭೨ರಲ್ಲಿ ಬಿಡಿಸಿದ ಅಭ್ಯಾಸವನ್ನು ನಮ್ಮ ಆಗಸ್ಟ್ ತಿಂಗಳು ಮತ್ತೆ ಕಲಿಸುತ್ತದೆ.

ಮಲೆನಾಡಿನಲ್ಲಿ ಸಮತಟ್ಟಾದ ನೆಲವೆಂಬುದೇ ಒಂದು ಐಶ್ವರ್ಯ. ಇರುವ ಸಮತಟ್ಟಿನಲ್ಲಿ ಗದ್ದೆಯಿದೆ, ಇಲ್ಲವೆ ಕಣವಿದೆ. ಲೈನ್ ಮನೆಗಳ ಮಕ್ಕಳು ಕಾಫಿ ಒಣಗಿಸುವ ಸಿಮೆಂಟಿನ ಕಣದಲ್ಲಿ ಆಡುವುದನ್ನು ನೋಡಿದ್ದೇನೆ. ಕಣದಲ್ಲಿ ಚೆಂಡು ಬಹಳ ವೇಗವಾಗಿ ಓಡುತ್ತದೆ, ಬಿದ್ದರೆ ಮೊಣಕಾಲು ಸುಲಿಯುತ್ತದೆ. ಅದರಿಂದಲೇ ಇರಬೇಕು, ಆ ಮಕ್ಕಳಿಗೆ ಬೀಳದೆ ತಿರುಗುವ ಚಾತುರ್ಯ ತಾನಾಗಿ ಬಂದಿದೆ. ಗ್ಲಾಸ್ಗೋದ ತರಬೇತುದಾರನೊಬ್ಬ ಒಂದು ಸಂಜೆ ಈ ಕಣದ ಅಂಚಿನಲ್ಲಿ ನಿಂತು ನೋಡಿದರೆ ಅವನೂ ಏನಾದರೂ ಬರೆದುಕೊಂಡಾನು. ಆದರೆ ಅವನು ಒಂದು ಸಂಜೆ ನೋಡಿ ಹೋಗುವವನು. ಮರುದಿನ ಬೆಳಗ್ಗೆ ಅದೇ ಮಕ್ಕಳನ್ನು ಸಾಲಾಗಿ ನಿಲ್ಲಿಸುವವರು ಶಾಲೆಯ ಡ್ರಿಲ್ ಮೇಷ್ಟರು. ಪರದೇಶದವರ ಕರಾರಿನಲ್ಲಿ ಒಂದು ಪಾಲು ಈ ಮೇಷ್ಟರುಗಳಿಗೆ ಸಲ್ಲುವುದಾದರೆ, ಎಂದರೆ ವರ್ಷಕ್ಕೆ ಜಿಲ್ಲೆಗಿಷ್ಟು ಮಂದಿಯೆಂದು ಬೆಂಗಳೂರಿಗೋ ವಿಜಯನಗರಕ್ಕೋ ಕರೆಸಿ ತಿಂಗಳುಗಟ್ಟಲೆ ಪಾಠ ಹೇಳಿ ಕಳಿಸುವುದಾದರೆ, ಕರಾರು ಮುಗಿದ ಮೇಲೂ ಪಾಠ ಉಳಿಯುತ್ತದೆ. ಏಷ್ಯದ ಕಾಲ್ಚೆಂಡಾಟದ ಒಕ್ಕೂಟ ತರಬೇತುದಾರರಿಗೆ ಮೆಟ್ಟಿಲು ಮೆಟ್ಟಿಲಾಗಿ ಪರವಾನಗಿ ಕೊಡುವ ಏರ್ಪಾಡು ಮಾಡಿದೆ. ಅದರ ಮೊದಲ ಮೆಟ್ಟಿಲನ್ನು ನಮ್ಮ ತಾಲ್ಲೂಕಿನ ನಾಲ್ಕು ಮಂದಿ ಹತ್ತಿದರೂ ದೊಡ್ಡ ಮಾತು.

ಕಾಲದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ. ನವೆಂಬರ್ ಕೊನೆಯಿಂದ ಅರೇಬಿಕಾ ಕುಯ್ಲು, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ. ಆ ದಿನಗಳಲ್ಲಿ ತಂದೆತಾಯಿಗಳಿಬ್ಬರೂ ಬೆಳಗಾಗುತ್ತಲೇ ತೋಟಕ್ಕೆ ಹೋಗುವುದರಿಂದ ತಮ್ಮತಂಗಿಯರನ್ನು ನೋಡಿಕೊಳ್ಳುವ ಹೊಣೆ ದೊಡ್ಡ ಹುಡುಗನದು. ಕಣದ ತುಂಬ ಕಾಫಿ, ಆಡಲು ಜಾಗವೂ ಇಲ್ಲ. ಮಾರ್ಚಿನಲ್ಲಿ ಪರೀಕ್ಷೆ. ಉಳಿದದ್ದು ಅಕ್ಟೋಬರಿನ ಕೆಲವು ವಾರ ಮತ್ತು ಏಪ್ರಿಲ್–ಮೇ ತಿಂಗಳ ರಜ. ಹೂಮಳೆ ಬಿದ್ದು ನೆಲ ಸ್ವಲ್ಪ ಮೆತ್ತಗಾಗಿರುತ್ತದೆ, ಕಣ ಖಾಲಿಯಾಗಿರುತ್ತದೆ, ಹುಡುಗರು ಊರಿನಲ್ಲಿಯೇ ಇರುತ್ತಾರೆ. ಗ್ಲಾಸ್ಗೋದಿಂದ ಬರುವವರಾಗಲಿ ಬೆಂಗಳೂರಿನಿಂದ ಬರುವವರಾಗಲಿ, ಮಲೆನಾಡಿಗೆ ಬರುವುದಾದರೆ ಆ ಆರೇಳು ವಾರಗಳನ್ನು ನೋಡಿಕೊಂಡು ಬರಬೇಕು. ಮುಂದಿನ ವರ್ಷವೂ ಅದೇ ವಾರಗಳಲ್ಲಿ ಬರಬೇಕು, ಅದರ ಮುಂದಿನ ವರ್ಷವೂ.